ಜಲವರ್ಣ ಪೆನ್ಸಿಲ್ ಮತ್ತು ಎಡದಂಡೆಯ ನಾಡು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿಕೊಂಡಿರುವ, ಹಿಂದೆ ಎಡೆದೊರೆ ನಾಡೆಂದು ಹೆಸರಾಗಿದ್ದ ಈ ಭೂಭಾಗವನ್ನೂ ಅದರ ಸುತ್ತಲಿನ ಸೀಮೆಯನ್ನೂ ಹೊರಗಿನಿಂದ ಬಂದು ನೋಡಿದವರ ಕಣ್ಣು ಬಹುಮಟ್ಟಿಗೆ ಕೋಟೆ, ದೇವಾಲಯ ಮತ್ತು ಶಾಸನಗಳ ಮೇಲೆಯೇ ನೆಲೆಸಿತು. ತುಂಗಭದ್ರೆಯ ತೆಂಕಣ ದಂಡೆಯ ಹಂಪಿಯ ಅವಶೇಷಗಳನ್ನು ಬ್ರಿಟಿಷ್ ಸರ್ವೇಕ್ಷಕ ಕಾಲಿನ್ ಮೆಕೆಂಜಿ 1800ರ ಸುಮಾರಿಗೆ ನಕ್ಷೆಗೆ ಇಳಿಸಿದನು. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಆಡಳಿತದ ನಡುವೆಯೂ ಚಿತ್ರ ಬರೆಯುತ್ತಿದ್ದನು. ಚಿನ್ನದ ಗಣಿಯ ಇಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು ಕಂಡ ಮೇಲೆ ಆ ಬಂಡೆಯೂ ಲೋಕಪ್ರಸಿದ್ಧವಾಯಿತು. ಇವೆಲ್ಲವೂ ಬೇಕಾದ ಕೆಲಸಗಳೇ. ಆದರೆ ದಢೇಸುಗೂರಿನ ಸೇತುವೆ, ಸಿಂಧನೂರಿನ ಅಕ್ಕಿ ಗಿರಣಿ, ಮಸ್ಕಿಯ ಸಂತೆ, ಲಿಂಗಸುಗೂರಿನ ಬಸ್ ನಿಲ್ದಾಣದ ಎದುರಿನ ಒಗ್ಗರಣಿ-ಮಿರ್ಚಿ ಅಂಗಡಿಗಳೂ ಚಿತ್ರಕ್ಕೆ ಯೋಗ್ಯವಾದ ತಾಣಗಳೇ ಆಗಿದ್ದು, ಕೋಟೆಯ ಗೋಡೆಗಿಂತ ಬೇಗ ರೂಪ ಬದಲಿಸುವ ಇವುಗಳನ್ನು ಮೊದಲು ಬರೆದಿಡಬೇಕೆಂಬುದು ಈ ಉಪನ್ಯಾಸದ ವಾದ.

ಸ್ಥಳಚಿತ್ರಣ ಎಂದರೆ ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಮನೆಯಲ್ಲಿ ಬರೆಯದೆ, ತಾಣದಲ್ಲಿಯೇ ಕುಳಿತು, ಕಣ್ಣಿಗೆ ಕಂಡದ್ದನ್ನು ಅದೇ ಹೊತ್ತಿನ ಬೆಳಕಿನಲ್ಲಿ ಕಾಗದಕ್ಕೆ ತರುವ ಕ್ರಮ. ಅಮೆರಿಕದ ಸಿಯಾಟಲ್ ನಗರದ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಆರಂಭಿಸಿದ ಅರ್ಬನ್ ಸ್ಕೆಚರ್ಸ್ ಬಳಗ ಈ ಕ್ರಮವನ್ನು ಅನೇಕ ದೇಶಗಳ ಊರುಗಳಿಗೆ ಹಬ್ಬಿಸಿತು. ಬೆಂಗಳೂರಿನಲ್ಲಿ ಪೆನ್ಸಿಲ್ ಜಾಮ್ ಎಂಬ ಬಳಗ ಹೊರಾಂಗಣದಲ್ಲಿ ಕೂಡಿ ಚಿತ್ರ ಬರೆಯುತ್ತದೆ. ಕನ್ನಡ ನಾಡಿನಲ್ಲಿ ಇದಕ್ಕೆ ಇನ್ನೂ ಹಿಂದಿನ ಪರಂಪರೆಯಿದೆ. ಸ್ವಾತಂತ್ರ್ಯ ಹೋರಾಟಗಾರರೂ ಪತ್ರಕರ್ತರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ರಸ್ತೆಗಳಲ್ಲಿ ಹೂಬಿಟ್ಟ ಮರಗಳ ಎದುರು ನಿಂತು ಬರೆದ ಚಿತ್ರಗಳು, ಆ ಮರಗಳಲ್ಲಿ ಎಷ್ಟೋ ಇಲ್ಲವಾದ ಮೇಲೆ, ನಗರದ ಚರಿತ್ರೆಗೆ ಆಧಾರವಾಗಿ ನಿಂತಿವೆ. ಅವರು ದಾಖಲೆಗೆಂದು ಬರೆದವರಲ್ಲ, ಮರದ ಚೆಲುವಿಗೆ ಮನಸೋತು ಬರೆದವರು. ದಾಖಲೆಯ ಗುಣ ಆ ಪ್ರೀತಿಯ ಬೆನ್ನಿಗೆ ತಾನಾಗಿ ಬಂತು.

ಇಂಥ ಕೆಲಸಕ್ಕೆ ಬಿಸಿಲು ನಾಡಿನಲ್ಲಿ ಹೊಂದುವ ಸಾಧನ ಜಲವರ್ಣ ಪೆನ್ಸಿಲ್. ಸಾಮಾನ್ಯ ಬಣ್ಣದ ಪೆನ್ಸಿಲ್ಲಿನ ಕಡ್ಡಿಯಲ್ಲಿ ವರ್ಣದ ಪುಡಿಯನ್ನು ಮುಖ್ಯವಾಗಿ ಮೇಣ ಅಥವಾ ಎಣ್ಣೆಯಂಶ ಹಿಡಿದಿಟ್ಟರೆ, ಜಲವರ್ಣ ಪೆನ್ಸಿಲ್ಲಿನಲ್ಲಿ ನೀರಿಗೆ ಕರಗುವ ಅಂಟು ಆ ಕೆಲಸ ಮಾಡುತ್ತದೆ; ಆದ್ದರಿಂದ ಒಣಗೆರೆಯ ಮೇಲೆ ಒದ್ದೆ ಕುಂಚ ಆಡಿಸಿದೊಡನೆ ಗೆರೆ ಬಿಚ್ಚಿಕೊಂಡು ತೆಳುವಾದ ಬಣ್ಣದ ಹರವಾಗುತ್ತದೆ. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಕರಾನ್ ದಾಶ್ ಸಂಸ್ಥೆ 1931ರಲ್ಲಿ ಪ್ರಿಸ್ಮಾಲೊ ಎಂಬ ಹೆಸರಿನಲ್ಲಿ ಇಂಥ ಪೆನ್ಸಿಲ್ಲುಗಳನ್ನು ಮಾರುಕಟ್ಟೆಗೆ ತಂದಿತು. ಹಿಡಿಕೆಯಲ್ಲಿಯೇ ನೀರು ತುಂಬಿಕೊಳ್ಳುವ ಕುಂಚವೊಂದು ಜೊತೆಗಿದ್ದರೆ ಬಟ್ಟಲು, ತಟ್ಟೆಗಳ ಹಂಗು ಇರುವುದಿಲ್ಲವಾಗಿ ಬಸ್ಸಿನ ಸೀಟಿನಲ್ಲಿಯೂ ಕಾಲುವೆಯ ಏರಿಯ ಮೇಲೂ ಚಿತ್ರ ಮುಂದುವರಿಯುತ್ತದೆ. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಬರಿಯ ಜಲವರ್ಣವು ಹರಡುವ ಮೊದಲೇ ಒಣಗಿ ಅಂಚುಗಟ್ಟುತ್ತದೆ. ಪೆನ್ಸಿಲ್ಲಿನಲ್ಲಾದರೋ ಬಣ್ಣವನ್ನು ಮೊದಲು ಒಣದಾಗಿಯೇ ನೆಲೆಗೊಳಿಸಿ, ಅಂಗೈಯಗಲದ ಭಾಗಕ್ಕೆ ಮಾತ್ರ ನೀರು ಮುಟ್ಟಿಸುತ್ತ ಸಾಗಬಹುದಾದ್ದರಿಂದ ಅವಸರವಿಲ್ಲ. ಮೊದಲ ಹರವು ಪೂರ್ತಿ ಒಣಗಿದ ಮೇಲೆಯೇ ಎರಡನೆಯದನ್ನು ಹಾಕಬೇಕೆಂಬ, ತಂಪು ದೇಶಗಳಲ್ಲಿ ತಾಳ್ಮೆ ಬೇಡುವ ನಿಯಮ ಇಲ್ಲಿ ಕೆಲವೇ ನಿಮಿಷಗಳ ಮಾತು.

ಮೊದಲೇ ಹೆಸರಿಸಿದ ದಢೇಸುಗೂರು ಸಿಂಧನೂರಿನಿಂದ ಸಿರುಗುಪ್ಪದ ಕಡೆಗೆ ಹೋಗುವ ದಾರಿಯಲ್ಲಿ, ತುಂಗಭದ್ರೆಯ ದಂಡೆಗಿರುವ ಊರು. ಹೊಳೆಯ ಈಚೆ ರಾಯಚೂರು ಜಿಲ್ಲೆ, ಆಚೆ ಬಳ್ಳಾರಿ ಜಿಲ್ಲೆ. ಇಲ್ಲಿನ ಬಣ್ಣಗಳನ್ನು ನಿರ್ಧರಿಸುವುದು ಮಳೆಗಿಂತ ಹೆಚ್ಚಾಗಿ ಜಲಾಶಯ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಎಡದಂಡೆ ಮುಖ್ಯ ಕಾಲುವೆಯ ಕೆಳಗೆ ಜೋಳ, ಹತ್ತಿಯ ಎರೆಹೊಲಗಳು ನೆಲ್ಲಿನ ಗದ್ದೆಗಳಾದವು, ಅಂದರೆ ಒಂದು ತಲೆಮಾರಿನ ಕಣ್ಣೆದುರಿಗೆ ಸೀಮೆಯ ಬಣ್ಣವೇ ಬೇರೆಯಾಯಿತು. ಮುಂಗಾರಿನಲ್ಲಿ ಕಾಲುವೆಗೆ ನೀರು ಬಿಟ್ಟಾಗ ಕೆಸರುಗದ್ದೆಗಳು ಆಕಾಶವನ್ನೇ ಹೊತ್ತು ಮಲಗುತ್ತವೆ. ನಾಟಿಯ ನಂತರದ ಎಳೆಹಸಿರು ವಾರವಾರಕ್ಕೂ ಗಾಢವಾಗುತ್ತ ಹೋಗಿ, ತೆನೆ ಬಲಿತಾಗ ಹೊಂಬಣ್ಣಕ್ಕೆ ತಿರುಗುತ್ತದೆ. ಕಟಾವು ಯಂತ್ರ ಹಾದುಹೋದ ಮೇಲೆ ಉಳಿಯುವುದು ಮಾಸಲು ಹಳದಿಯ ಕೂಳೆ ಮತ್ತು ಅದರ ಸಂದಿಯ ಕರಿನೆಲ. ಎರಡನೆಯ ಬೆಳೆಗೆ ನೀರು ಸಿಗುವ ವರ್ಷ ಜನವರಿಯಲ್ಲಿ ಮತ್ತೆ ಹಸಿರು, ಸಿಗದ ವರ್ಷ ಬೀಳು. ಮೂಲತಃ ಸುಮಾರು 133 ಟಿಎಂಸಿ, ಅಂದರೆ 13,300 ಕೋಟಿ ಘನ ಅಡಿ ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿರುವುದರಿಂದ ಈ ಎರಡನೆಯ ಹಸಿರು ಪ್ರತಿವರ್ಷದ ಭರವಸೆಯಾಗಿ ಉಳಿದಿಲ್ಲ. ಆದಕಾರಣ ಗದ್ದೆಯ ಚಿತ್ರದ ಮೂಲೆಯಲ್ಲಿ ಬರೆದ ದಿನಾಂಕಕ್ಕೆ ಚಿತ್ರದಷ್ಟೇ ಬೆಲೆಯಿದೆ.

ಬಣ್ಣದ ಆಯ್ಕೆಯಲ್ಲಿ ಡಬ್ಬಿಯ ಹೆಸರುಗಳನ್ನು ನಂಬಬಾರದು. ಡಬ್ಬಿಯಲ್ಲಿ ಸಿಗುವ ಹಸಿರು ನೆಲ್ಲಿನ ಹಸಿರಿಗಿಂತ ಒರಟು. ನಿಂಬೆಹಳದಿಯ ಗೆರೆಗಳ ಮೇಲೆ ತೆಳುನೀಲಿಯ ಗೆರೆಗಳನ್ನು ಅಡ್ಡಡ್ಡ ಎಳೆದು ನೀರು ಮುಟ್ಟಿಸಿದಾಗ ಹುಟ್ಟುವ ಹಸಿರಿಗೆ ಜೀವವಿರುತ್ತದೆ. ಎರೆಮಣ್ಣಿಗೆ ಕಪ್ಪು ಪೆನ್ಸಿಲ್ ಹಚ್ಚಿದರೆ ಭೂಮಿ ಸತ್ತಂತೆ ಕಾಣುತ್ತದಾದ್ದರಿಂದ ಕಡುಕಂದು ಮತ್ತು ಕಡುನೀಲಿಯನ್ನು ಕೂಡಿಸುವುದೇ ಸರಿ, ಒಣಗಿ ಬಿರಿದ ನೆಲಕ್ಕೆ ಬೂದಿಯನ್ನು ಸ್ವಲ್ಪ ಬೆರೆಸಬೇಕು. ಗದ್ದೆಯ ಬೆಳ್ಳಕ್ಕಿಗಳಿಗೆ ಬಣ್ಣವೇ ಬೇಡ, ಅವುಗಳ ಆಕಾರದಷ್ಟು ಕಾಗದವನ್ನು ಮೊದಲೇ ಖಾಲಿ ಬಿಟ್ಟುಕೊಂಡರೆ ಸಾಕು. ಮಸ್ಕಿಯ ಕಡೆಯ ಗುಂಡುಗಲ್ಲಿನ ಗುಡ್ಡಗಳು ದೂರಕ್ಕೆ ಬೂದು ಎನಿಸಿದರೂ ಸಂಜೆಯ ಬೆಳಕಿನಲ್ಲಿ ನಸುಗೆಂಪಾಗುತ್ತವೆ. ಅಲ್ಲಿ ಒದ್ದೆ ಕಾಗದಕ್ಕೆ ನೇರವಾಗಿ ಪೆನ್ಸಿಲ್ ಒತ್ತಿ ಎಳೆದರೆ ಗೆರೆ ದಟ್ಟವಾಗಿ ಕೂತು ಕಲ್ಲಿನ ಬಿರುಕು ಮೂಡುತ್ತದೆ.

ನೀರಾವರಿ ತಂದದ್ದು ಬಣ್ಣವನ್ನಷ್ಟೇ ಅಲ್ಲ, ಜನರನ್ನೂ. ಕರಾವಳಿ ಆಂಧ್ರದಿಂದ ಬಂದ ರೈತರು ಕಾಲುವೆಯ ಬಯಲಿನಲ್ಲಿ ಕಟ್ಟಿಕೊಂಡ ಊರುಗಳು ಇಂದಿಗೂ ಕ್ಯಾಂಪ್ ಎಂದೇ ಕರೆಸಿಕೊಳ್ಳುತ್ತವೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗಾಗಿ ಸಿಂಧನೂರು ತಾಲೂಕಿನಲ್ಲಿ ಏರ್ಪಟ್ಟ ಪುನರ್ವಸತಿ ಶಿಬಿರಗಳು ಜನರ ಬಾಯಲ್ಲಿ ಆರ್‌.ಎಚ್. ಕ್ಯಾಂಪುಗಳಾಗಿವೆ. ಹಳೆಯ ಊರಿನಲ್ಲಿ ಅಗಸಿ, ಕಟ್ಟೆ, ತೊಲೆ-ಜಂತೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ ಮನೆ ಮತ್ತು ಆ ಮಾಳಿಗೆಯಲ್ಲಿ ಬೆಳಕಿಗಾಗಿ ಬಿಟ್ಟ ಬೆಳಕಿಂಡಿ. ಕ್ಯಾಂಪಿನಲ್ಲಿ ನೇರ ಓಣಿ ಮತ್ತು ಅಂಗಳ. ಈ ಎರಡು ಬಗೆಯ ವಸತಿಗಳನ್ನು ಪುಸ್ತಕದ ಎದುರುಬದುರು ಪುಟಗಳಲ್ಲಿ ಬರೆದರೆ ಸೀಮೆಯ ನೀರಾವರಿ ಕಾಲದ ಸಾಮಾಜಿಕ ಚರಿತ್ರೆ ಕಣ್ಣಿಗೆ ಬೀಳುತ್ತದೆ. ಅಲ್ಲದೆ ಮಾಳಿಗೆ ಮನೆಗಳ ಜಾಗದಲ್ಲಿ ಆರ್‌ಸಿಸಿ ಮನೆಗಳು ಏಳುತ್ತಿರುವುದರಿಂದ ಅವು ಕಾಯುವಂತಿಲ್ಲ. ಗಿರಣಿಯ ಕಣದಲ್ಲಿ ಒಣಹಾಕಿದ ನೆಲ್ಲನ್ನು ಕಾಲಿನಿಂದ ತಿರುವಿಹಾಕುವ ಹೆಣ್ಣಾಳುಗಳನ್ನು ಬರೆಯುವಾಗ ಮಾತ್ರ ಮೊದಲು ಅವರೊಡನೆ ಮಾತನಾಡಿ, ಒಪ್ಪಿಗೆ ಪಡೆದು, ಬರೆದದ್ದನ್ನು ಅವರಿಗೆ ತೋರಿಸುವುದು ಚಿತ್ರಕಾರರ ಧರ್ಮ.

ಕಾಗದದ ಆಯ್ಕೆ ಪೆನ್ಸಿಲ್ಲಿನಷ್ಟೇ ಮುಖ್ಯವಾದದ್ದು. ತೆಳುವಾದ ನೋಟ್‌ಬುಕ್ ಹಾಳೆ ನೀರಿಗೆ ಸುಕ್ಕುಗಟ್ಟುತ್ತದೆ. ಚದರ ಮೀಟರಿಗೆ 200ರಿಂದ 300 ಗ್ರಾಂ ತೂಗುವ, ತುಸು ತರಿಯಾದ ಹಾಳೆ ಬೇಕು. ಹುಬ್ಬಳ್ಳಿಯ ಬಳಿಯ ತಾರಿಹಾಳದಲ್ಲಿ ಹತ್ತಿಬಟ್ಟೆಯ ಚೂರುಗಳಿಂದ ಕೈಯಲ್ಲೇ ಇಂಥ ಕಾಗದ ತಯಾರಾಗಿ ಪರದೇಶಗಳ ಚಿತ್ರಕಾರರನ್ನೂ ತಲುಪುತ್ತಿರುವುದು, ಹತ್ತಿ ಬೆಳೆಯುವ ಈ ಜಿಲ್ಲೆಯವರು ತಿಳಿದಿರಬೇಕಾದ ಸಂಗತಿ. ಕೆಲವು ಕೆಂಪು, ನೇರಳೆ ವರ್ಣಗಳು ಬೆಳಕಿಗೆ ಬೇಗ ಮಾಸುವುದರಿಂದ ಚಿತ್ರಗಳನ್ನು ಗೋಡೆಗೆ ತೂಗುಹಾಕುವುದಕ್ಕಿಂತ ಪುಸ್ತಕದಲ್ಲಿ ಮುಚ್ಚಿಡುವುದು ಒಳ್ಳೆಯದು.

ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದು ದಢೇಸುಗೂರಿನಲ್ಲಿಯೇ ಇದೆ. ಬೆಳೆಯ ವಿಚಾರ ಅಲ್ಲಿ ಅಂಕಿಗಳಲ್ಲಿ ದಾಖಲಾಗುವಂತೆ, ಸೇತುವೆಯ ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಂದು ಪುಟ ಬರೆದು, ದಿನಾಂಕ, ಹೊತ್ತು, ನೋಡಿದ ದಿಕ್ಕು ಮತ್ತು ಕಾಲುವೆಯಲ್ಲಿ ನೀರಿತ್ತೇ ಇಲ್ಲವೇ ಎಂಬುದನ್ನು ಅಂಚಿನಲ್ಲಿ ನಮೂದಿಸುವ ಕೆಲಸವನ್ನು ಸುತ್ತಲಿನ ಪ್ರೌಢಶಾಲೆಗಳ ಮಕ್ಕಳು ಕೈಗೆತ್ತಿಕೊಳ್ಳಬಹುದು. ಅದಕ್ಕೆ ಹನ್ನೆರಡು ಬಣ್ಣಗಳ ಒಂದು ಡಬ್ಬಿ, ಒಂದು ಕುಂಚ ಮತ್ತು ದಪ್ಪ ಹಾಳೆಯ ಒಂದು ಪುಸ್ತಕ ಸಾಕು.