ಪಿಯಾನೋ ಅರಮನೆಯ ಸ್ವತ್ತಲ್ಲ

(ಪಾಂಡವಪುರದಲ್ಲಿ ಕಾರ್ಮಿಕರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಕಬ್ಬಿನ ಬಾಕಿ ಎಲ್ಲವನ್ನೂ ಬಿಟ್ಟು ಈ ಮನುಷ್ಯ ಪಿಯಾನೋ ಮಾತೆತ್ತಿದನಲ್ಲ ಎಂದು ಕೆಲವರಿಗೆ ನಗು ಬಂದಿರಬಹುದು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯೂ ನೆನಪಾಗಿರಬಹುದು. ಆದರೆ 1886ರಲ್ಲಿ ಚಿಕಾಗೋ ಕಾರ್ಮಿಕರು ಎಂಟು ಗಂಟೆ ದುಡಿಮೆಗಾಗಿ ಹೋರಾಡಿದಾಗ ಕೇಳಿದ್ದು ಬರೀ ಹಿಟ್ಟನ್ನಲ್ಲ. ದುಡಿಮೆ, ನಿದ್ದೆ ಕಳೆದು ಉಳಿದ ಎಂಟು ಗಂಟೆ ನಮ್ಮದಾಗಬೇಕೆಂದೂ ಕೇಳಿದರು. ಆ ಬಿಡುವಿನಲ್ಲಿ ನಮ್ಮ ಮಕ್ಕಳ ಪಾಲೇನು ಎಂಬುದೇ ನನ್ನ ಪ್ರಶ್ನೆ.

ಇದು ನಮ್ಮ ಸೀಮೆಯ ವಿದ್ಯೆಯಲ್ಲ ಎನ್ನುವವರು ಶ್ರೀರಂಗಪಟ್ಟಣವನ್ನು ನೆನೆಯಲಿ. ಟಿಪ್ಪುವಿನ ಮರದ ಹುಲಿಯ ಮೈಯೊಳಗೆ ಪುಟ್ಟ ಆರ್ಗನ್ ಉಂಟು. ಬೆರಳಿನಿಂದ ಒತ್ತಿ ನುಡಿಸಲು 18 ಗುಂಡಿಗಳುಂಟು. ಅದು ಪಿಯಾನೋ ಅಲ್ಲ, ಗಾಳಿಯಿಂದ ನುಡಿಯುವ ವಾದ್ಯ. 1799ರಲ್ಲಿ ಕೋಟೆ ಬಿದ್ದ ಮೇಲೆ ಕಂಪನಿಯವರು ಅದನ್ನು ಲಂಡನ್ನಿಗೆ ಸಾಗಿಸಿದರು. ಈಗಲೂ ಅಲ್ಲಿಯ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಪಿಯಾನೋ ಮೈಸೂರು ಅರಮನೆಗೆ ಬಂತು. ಜಯಚಾಮರಾಜ ಒಡೆಯರು ಅದನ್ನು ಶ್ರದ್ಧೆಯಿಂದ ಕಲಿತು, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದರು. ರಷ್ಯದ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳನ್ನು ತಮ್ಮ ಹಣದಿಂದ ಧ್ವನಿಮುದ್ರಣ ಮಾಡಿಸಿದರು. ಅವರ ಪ್ರೀತಿಯ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ವಾದ್ಯ, ಗುರು, ಬಿಡುವು ಮೂರೂ ಸಿಕ್ಕರೆ ಈ ನೀರು ಕುಡಿದವರ ಬೆರಳಿಗೂ ಪಿಯಾನೋ ಒಲಿಯುತ್ತದೆಂಬುದಕ್ಕೆ ಅವರೇ ಸಾಕ್ಷಿ. ಈ ಮೂರೂ ಅರಮನೆಯಲ್ಲೇ ಏಕೆ ನಿಲ್ಲಬೇಕು?

ಅರಮನೆಯ ಹೊರಗೂ ಈ ವಿದ್ಯೆಯ ಬೇರು ಇದೆ. ನಾಗಮಂಗಲ, ಕೃಷ್ಣರಾಜಪೇಟೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರನ್ನು ಯಾರು ಅರಿಯರು? ಹಾರ್ಮೋನಿಯಂ ಸಹ ಯೂರೋಪಿನಿಂದ ಬಂದದ್ದೇ. ಒಂದು ಸ್ಥಾಯಿಗೆ ಏಳು ಬಿಳಿ ಮನೆ, ಐದು ಕಪ್ಪು ಮನೆ. ಪಿಯಾನೋದಲ್ಲೂ ಅದೇ ಜೋಡಣೆ, ಒಟ್ಟು 88 ಮನೆ. ಕೈಹಾರ್ಮೋನಿಯಂನಲ್ಲಿ ಒಂದು ಕೈ ತಿದಿ ಒತ್ತುತ್ತದೆ. ಪಿಯಾನೋದಲ್ಲಿ ಎರಡು ಕೈಗೂ ನುಡಿಸುವ ಕೆಲಸ. ನಮ್ಮ ರಾಗದ ಗಮಕ ಅದರಲ್ಲಿ ಬಾರದು, ನಿಜ. ಗಮಕಕ್ಕೆ ಕೊರಳುಂಟು, ವೀಣೆಯುಂಟು. ಹಲವು ಸ್ವರ ಒಟ್ಟಿಗೆ ನುಡಿಸುವ ಬೇರೊಂದು ಸೊಗಸು ಪಿಯಾನೋದ್ದು.

ನಾನು ಮೇಷ್ಟ್ರಾಗಿದ್ದಾಗ ಪಾಠದ ನಡುವೆ ಬೆಂಚಿನ ಮೇಲೆ ತಾಳ ಬಾರಿಸಿದ ಹುಡುಗನಿಗೆ ಬೆರಳ ಮೇಲೆಯೇ ಏಟು ಕೊಟ್ಟೆ. ಆಮೇಲೆ ಅವನು ಬಾರಿಸಲಿಲ್ಲ. ಶಿಸ್ತು ಬಂತೆಂದು ಹಿಗ್ಗಿದೆ. ಅದು ಶಿಸ್ತಲ್ಲ, ಒಂದು ವಿದ್ಯೆಯ ಮೊಳಕೆ ಚಿವುಟಿದ್ದು ಎಂದು ತಿಳಿಯಲು ನನಗೆ ವರ್ಷಗಳು ಬೇಕಾದವು. ಪಿಯಾನೋ ಕಲಿತರೆ ಲೆಕ್ಕದಲ್ಲಿ ನೂರಕ್ಕೆ ನೂರು ಬರುತ್ತದೆಂದು ನಾನು ಆಸೆ ತೋರಿಸುವುದಿಲ್ಲ. ತಪ್ಪನ್ನು ತನ್ನ ಕಿವಿಯಿಂದಲೇ ಕಂಡುಹಿಡಿದು, ಯಾರ ಬೈಗುಳವೂ ಇಲ್ಲದೆ ತಿದ್ದಿಕೊಳ್ಳುವುದನ್ನು ಮಗು ಕಲಿಯುತ್ತದೆ. ಅದು ಸಣ್ಣ ಲಾಭವೆ?

ಪಿಯಾನೋ ಬೆಲೆ ಲಕ್ಷಗಳಲ್ಲಿ. ಪಟ್ಟಣದಲ್ಲಿ ಪಾಠಕ್ಕೆ ಫೀಸು, ಪರೀಕ್ಷೆಗೆ ಬೇರೆ ಫೀಸು. ಕಾರ್ಖಾನೆ ಕೂಲಿಯಲ್ಲಿ, ಅಂಗಡಿಯ ಗಲ್ಲಾದಲ್ಲಿ ಅದು ಹುಟ್ಟುವುದಿಲ್ಲ. ಆದರೆ ಒಂದು ಪಿಯಾನೋ ಹಣಕ್ಕೆ ಹತ್ತಾರು ವಿದ್ಯುತ್ ಕೀಬೋರ್ಡು ಬರುತ್ತವೆ. ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ತಲಾ ಒಂದು ಸರ್ಕಾರಿ ಶಾಲೆಗೆ ಕೀಬೋರ್ಡು ಕೊಡಲಿ. ಸರದಿಯಂತೆ ವಾರಕ್ಕೊಂದು ದಿನ ಬರುವ ಒಬ್ಬ ಗುರುವನ್ನು ನೇಮಿಸಲಿ. ಹಾರ್ಮೋನಿಯಂ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟು ಗೌರವಧನದ ಮೇಲೆ ಸೇರಿಸಿಕೊಳ್ಳಲಿ. ಫೀಸು ಬೇಡ. ಮೊದಲ ಸರದಿ ಹೆಣ್ಣುಮಕ್ಕಳಿಗೆ. ನಾಟಕದ ಹಾರ್ಮೋನಿಯಂ ಮುಂದೆ ಹೆಚ್ಚಾಗಿ ಗಂಡಸರೇ ಕೂತದ್ದು ಸಾಕು. ಮನೆಯಲ್ಲಿ ವಾದ್ಯವಿಲ್ಲದ ಮಗು ರಟ್ಟಿನ ಮೇಲೆ ಮನೆಗಳನ್ನು ಬರೆದುಕೊಂಡು ಬೆರಳು ಪಳಗಿಸಲಿ.

ಇದು ಹಗಲುಗನಸಲ್ಲ. 1975ರಲ್ಲಿ ವೆನಿಜುವೆಲಾ ದೇಶದ ಅಬ್ರೇಯು ಎಂಬವರು ಬೆರಳೆಣಿಕೆಯ ಹುಡುಗರೊಡನೆ ವಾದ್ಯಗೋಷ್ಠಿ ಆರಂಭಿಸಿದರು. ಸರ್ಕಾರದ ನೆರವಿನಿಂದ ಅದು ಬೆಳೆದು ಲಕ್ಷಾಂತರ ಮಕ್ಕಳಿಗೆ, ಬಹುಪಾಲು ಬಡವರಿಗೆ, ಸಂಗೀತ ಕಲಿಸಿತು.

ಕಲಿತವರೆಲ್ಲ ವಾದಕರಾಗಬೇಕಿಲ್ಲ. ತನಗೆ ಬರುತ್ತದೆಯೇ ಇಲ್ಲವೇ ಎಂದು ಮುಟ್ಟಿ ನೋಡುವ ಹಕ್ಕು ಪ್ರತಿ ಮಗುವಿಗೂ ಇರಬೇಕು. ನಿಮ್ಮ ಶಾಲೆಯ ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ಹೋಗಿ, ಈ ಬೇಡಿಕೆ ಮಂಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ. ಅಲ್ಲಿಂದ ಮುಂದಿನ ಹೋರಾಟಕ್ಕೆ ನಾವಿದ್ದೇವೆ.