ಕತ್ತಲೆ ಕೊಟ್ಟಿಗೆ ಮತ್ತು ವಯಸ್ಸಾದ ರಾಸು

(ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಏಳೆಂಟು ಸೂಲು ಕಂಡ ಹಸುವಿನ ಬಗ್ಗೆ ಬಹಳ ಮಂದಿಯದು ಒಂದೇ ದೂರು. "ಸಾರ್, ಹಗಲೆಲ್ಲ ತೂಕಡಿಸುತ್ತೆ, ರಾತ್ರಿ ಎದ್ದು ನಿಂತು ಹಗ್ಗ ಜಗ್ಗುತ್ತೆ. ವಯಸ್ಸಾಯ್ತು, ಸಂತೆಗೆ ಹೊಡೆಯೋಣವೇ?" ಹೊಡೆಯುವ ಮುಂಚೆ ಒಂದು ಕೆಲಸ ಮಾಡಿ. ಮಟಮಟ ಮಧ್ಯಾಹ್ನ ಆ ಹಸುವಿನ ಗೋದಲಿಯ ಬಳಿ ನಿಂತು ದಿನಪತ್ರಿಕೆ ಬಿಡಿಸಿ. ಅಕ್ಷರ ಕಾಣದಿದ್ದರೆ ಆ ಹಸುವಿಗೆ ಇನ್ನೂ ಬೆಳಗಾಗಿಲ್ಲವೆಂದು ತಿಳಿಯಿರಿ.

ಪ್ರಾಣಿಯ ಮಿದುಳಿನಲ್ಲಿ ಒಂದು ಗಡಿಯಾರವಿದೆ. ಅದರ ವೇಳೆ ಸರಿಪಡಿಸುವುದು ಕಣ್ಣಿಗೆ ಬೀಳುವ ಬೆಳಕು. ಕತ್ತಲಾದಾಗ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ, ಬೆಳಕಾದಾಗ ತಗ್ಗುತ್ತದೆ. ಹಸು ಬೆಳಗಿನ ಜಾವ ಮತ್ತು ಸಂಜೆ ಚುರುಕಾಗಿ ಮೇಯುವುದು, ರಾತ್ರಿ ಮಲಗಿ ಮೆಲುಕು ಹಾಕುವುದು ಈ ಲೆಕ್ಕದಲ್ಲೇ. ವಯಸ್ಸಾದಂತೆ ಈ ಗಡಿಯಾರ ಸಡಿಲವಾಗುತ್ತದೆ, ಕಣ್ಣೂ ಮಬ್ಬಾಗುತ್ತದೆ. ಎಳೆ ರಾಸಿಗೆ ಸಾಲುವ ಬೆಳಕು ಮುದಿ ರಾಸಿಗೆ ಸಾಲದು. ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಮುದಿ ಇಲಿಗಳಿಗೆ ಪ್ರಖರ ಬೆಳಕು ಕೊಟ್ಟು ನೋಡಿ 1993ರಲ್ಲಿ ವರದಿ ಮಾಡಿದರು: ಕೆಟ್ಟಿದ್ದ ನಿದ್ರೆ-ಎಚ್ಚರಗಳ ಲಯ ಸುಧಾರಿಸಿತ್ತು. ಇಲಿಯ ಅಳತೆ ಹಸುವಿಗೆ ಹಾಗೇ ಹೊಂದುತ್ತದೆಂದು ನಾನು ಹೇಳುವುದಿಲ್ಲ. ಆದರೆ ಖರ್ಚಿಲ್ಲದ ಔಷಧವನ್ನು ಮೊದಲು ಪ್ರಯೋಗಿಸುವುದು ಜಾಣತನ.

ಅಮೆರಿಕದ ಮಿಷಿಗನ್‌ನಲ್ಲಿ ಚಳಿಗಾಲದ ಗಿಡ್ಡ ಹಗಲಿಗೆ ದೀಪದ ಬೆಳಕು ಕೂಡಿಸಿ, ದಿನಕ್ಕೆ 16 ಗಂಟೆ ಬೆಳಕು ಕೊಟ್ಟಾಗ ಹಾಲೂ ಹೆಚ್ಚಿತೆಂದು 1978ರಲ್ಲೇ ಪ್ರಕಟವಾಗಿದೆ. ನಮ್ಮಲ್ಲಿ ಡಿಸೆಂಬರ್‌ನಲ್ಲೂ ಹಗಲು 11 ಗಂಟೆಗೆ ಕಡಿಮೆಯಿಲ್ಲ, ಜೂನ್‌ನಲ್ಲಿ 13 ಗಂಟೆಯ ಹತ್ತಿರ. ಸೂರ್ಯ ಪುಕ್ಕಟೆ ಕೊಡುವುದನ್ನು ನಾವೇ ಗೋಡೆ ಕಟ್ಟಿ ತಡೆಯುತ್ತಿದ್ದೇವೆ!

ಹೆಂಚಿನ ಮಾಡಾದರೆ ನಾಲ್ಕಾರು ಗಾಜಿನ ಹೆಂಚು ಹಾಕಿಸಿ. ಶೀಟಾದರೆ ಒಂದೆರಡು ಕಡೆ ಬೆಳಕು ಬಿಡುವ ಫೈಬರ್ ಶೀಟ್. ಬೆಳಿಗ್ಗೆ ಹಾಲು ಕರೆದ ಮೇಲೆ ಹಸುವನ್ನು ಹೊರಗೆ ಕಟ್ಟಿ. ಬಿಸಿಲೇರಿದ ಮೇಲೆ ಮರದ ನೆರಳಿಗೆ ತನ್ನಿ. ಮಿಶ್ರತಳಿ ಹಸುವಿಗೆ ಬೆಳಕು ಬೇಕು, ಸುಡು ಬಿಸಿಲು ಬೇಡ. ನೆರಳಿನಲ್ಲೂ ಬೆಳಕು ಧಾರಾಳವಾಗಿ ಸಿಗುತ್ತದೆ.

ರಾತ್ರಿ ಕತ್ತಲೆಯೂ ಅಷ್ಟೇ ಮುಖ್ಯ. ಕಳ್ಳರ ಭಯ, ಹಾವಿನ ಭಯವೆಂದು ಕೆಲವರು ಕೊಟ್ಟಿಗೆಯೊಳಗೆ ಬೆಳಗಿನವರೆಗೂ ಬಲ್ಬು ಉರಿಸುತ್ತಾರೆ. ಬಲ್ಬನ್ನು ಬಾಗಿಲ ಹೊರಗೆ ಹಾಕಿ. ಒಳಗೆ ಕನಿಷ್ಠ 6ರಿಂದ 8 ಗಂಟೆ ಸತತ ಕತ್ತಲೆಯಿರಲಿ. ಬತ್ತಿಸಿದ ಗಬ್ಬದ ಹಸುವಿಗಂತೂ ಹಗಲನ್ನು ದೀಪದಿಂದ ಉದ್ದ ಮಾಡಲೇಬೇಡಿ. ಬತ್ತಿಸಿದ ಅವಧಿಯಲ್ಲಿ 8 ಗಂಟೆ ಮಾತ್ರ ಬೆಳಕು ಕಂಡ ಹಸುಗಳು ಕರು ಹಾಕಿದ ಮೇಲೆ ಹೆಚ್ಚು ಹಾಲು ಕೊಟ್ಟದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಈ ಬದಲಾವಣೆ ಮಾಡಿ ಮೂರು ನಾಲ್ಕು ವಾರ ಕಾಯಿರಿ. ಆದರೆ ಮೇವು ಬಿಟ್ಟಿದ್ದರೆ, ಕುಂಟುತ್ತಿದ್ದರೆ, ಕೆಚ್ಚಲು ಬಿಸಿಯಾಗಿದ್ದರೆ ಕಾಯಬೇಡಿ. ಹಲ್ಲು, ಗೊರಸು, ಕೆಚ್ಚಲನ್ನು ಆಗಲೇ ವೈದ್ಯರಿಗೆ ತೋರಿಸಿ. ಇನ್ನೊಂದು ಮಾತು. ಒಂದೇ ಒಂದು ರಾತ್ರಿ ಕೂಗಿ ಒದ್ದಾಡಿದ ಹಸು ಬೆದೆಗೆ ಬಂದಿರಲೂಬಹುದು. ಬೆಳಿಗ್ಗೆ ಬಾಲದ ಬುಡದಲ್ಲಿ ಲೋಳೆಯಿದೆಯೇ ನೋಡಿ, ಇದ್ದರೆ ಡೇರಿಗೆ ಹಾಲು ಹಾಕಲು ಬಂದಾಗಲೇ ಕೃತಕ ಗರ್ಭಧಾರಣೆಗೆ ಹೇಳಿ ಹೋಗಿ.