ತಟ್ಟೆಯ ಲೆಕ್ಕ, ನಡಿಗೆಯ ಲೆಕ್ಕ

(ಮೂರು ರಾಯರ ಹಬ್ಬದ ಬಲಿಪೂಜೆಯ ನಂತರ ಧರ್ಮಕೇಂದ್ರದ ಸಭಾಂಗಣದಲ್ಲಿ ನೀಡಿದ ಉಪನ್ಯಾಸ)



ಕ್ರಿಸ್ತಜಯಂತಿಯಿಂದ ಆರಂಭವಾದ ನಮ್ಮ ಹಬ್ಬದ ದಿನಗಳು ಮುಗಿಯುತ್ತಾ ಬಂದಿವೆ. ಗೋದಲಿಯನ್ನು ಬಿಚ್ಚಿ ಒಳಗಿಡುವ ಹೊತ್ತು. ಆದರೆ ಅಡುಗೆಮನೆಯ ಡಬ್ಬಿಗಳಲ್ಲಿ ಕರ್ಜಿಕಾಯಿ, ಚಕ್ಕುಲಿ, ಕಜ್ಜಾಯ ಇನ್ನೂ ಉಳಿದಿವೆ. ಹೊಸ ವರ್ಷದ ದಿನ ಮಾಡಿದ ಸಂಕಲ್ಪವೂ ಉಳಿದಿದೆ. 'ಈ ವರ್ಷ ತೂಕ ಇಳಿಸಲೇಬೇಕು' ಎಂದುಕೊಂಡವರು ಇಲ್ಲಿ ಎಷ್ಟು ಮಂದಿ ಇದ್ದೀರಿ? ಕೈ ಎತ್ತುವುದು ಬೇಡ. ಹಲವರ ಮೊಬೈಲಿಗೆ ಈ ವಾರವೇ ಕ್ಯಾಲೊರಿ ಎಣಿಸುವ ಒಂದು ಆ್ಯಪ್ ಬಂದು ಕುಳಿತಿದೆ ಎಂದು ಬಲ್ಲೆ. ತಿಂದದ್ದನ್ನು ಒಂದು ಕಡೆ, ನಡೆದದ್ದನ್ನು ಇನ್ನೊಂದು ಕಡೆ ಬರೆದು ಕೂಡಿ ಕಳೆಯುವ ಲೆಕ್ಕ ಅದು. ಆ ಲೆಕ್ಕದ ಬಗ್ಗೆಯೇ ಇಂದು ಮಾತನಾಡೋಣ.

ಇದು ಕೇವಲ ಅಂದಚೆಂದದ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 24ರಷ್ಟು ಮಂದಿಗೆ ಇರಬೇಕಾದುದಕ್ಕಿಂತ ಹೆಚ್ಚು ತೂಕವಿದೆ. ಪುರುಷರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಸಕ್ಕರೆ ಕಾಯಿಲೆ ಇರುವ ಭಾರತೀಯರು 10 ಕೋಟಿಗೂ ಹೆಚ್ಚು. ನಮ್ಮ ಧರ್ಮಕೇಂದ್ರದಲ್ಲಿ ಕಾಯಿಲೆಯವರಿಗಾಗಿ ಪ್ರಾರ್ಥಿಸುವಾಗ ಕೇಳಿಬರುವ ಹೆಸರುಗಳನ್ನು ನೆನೆದರೆ ಈ ಅಂಕಿ ಯಾರಿಗೂ ದೂರದ್ದೆನಿಸಲಾರದು.

ಮೊದಲು ಕ್ಯಾಲೊರಿ ಎಂದರೇನೆಂದು ನೋಡೋಣ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವ ಶಾಖವೇ ಆಹಾರದ ಲೆಕ್ಕದಲ್ಲಿ ನಾವು ಕ್ಯಾಲೊರಿ ಎನ್ನುವುದು. ವಿಜ್ಞಾನದ ಪುಸ್ತಕದಲ್ಲಿ ಅದಕ್ಕೆ ಕಿಲೋಕ್ಯಾಲೊರಿ ಎಂದು ಹೆಸರು. ನಾವು ತಿನ್ನುವ ಅನ್ನವೂ ಒಲೆಗೆ ಹಾಕುವ ಸೌದೆಯಂತೆ ಶಾಖ ಕೊಡುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಅಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞರು ಸಣ್ಣ ಕೋಣೆಯಂತಹ ಪೆಟ್ಟಿಗೆಯೊಳಗೆ ಮನುಷ್ಯರನ್ನೇ ದಿನಗಟ್ಟಲೆ ಇರಿಸಿ, ಅವರ ಮೈಯಿಂದ ಹೊರಬರುವ ಶಾಖವನ್ನು ಅಳೆದರು. ಪಿಷ್ಟ ಮತ್ತು ಸಕ್ಕರೆಗೆ ಗ್ರಾಂಗೆ 4, ಪ್ರೋಟೀನಿಗೆ 4, ಎಣ್ಣೆ ತುಪ್ಪಕ್ಕೆ 9 ಎಂಬ ಅಂಕಿಗಳು ಅವರ ಕೆಲಸದಿಂದ ಬಂದವು. ಇಂದಿಗೂ ಬಿಸ್ಕತ್ತಿನ ಪೊಟ್ಟಣದ ಮೇಲಿನ ಲೆಕ್ಕಕ್ಕೆ ಆಧಾರ ಇವೇ. ಮದ್ಯಕ್ಕೆ 7. ಹಬ್ಬದ ದಿನ ಗಂಡಸರು ಕುಡಿಯುವ 60 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 140 ಕ್ಯಾಲೊರಿ ಇರುತ್ತದೆ. ಅದರ ಜೊತೆಯ ಕಡಲೆಬೀಜ, ಕಬಾಬುಗಳ ಲೆಕ್ಕ ಬೇರೆ.

1918ರಲ್ಲಿ ಅಮೆರಿಕದ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆ ಈ ಲೆಕ್ಕವನ್ನು ಮನೆಯ ಅಡುಗೆಮನೆಗೆ ತಂದರು. ಅವರು ತಾವೇ ಬಹಳ ದಪ್ಪವಿದ್ದು ತೂಕ ಇಳಿಸಿಕೊಂಡವರು. ಅವರ ಪುಸ್ತಕ ಅಲ್ಲಿ ಲಕ್ಷಗಟ್ಟಲೆ ಮಾರಾಟವಾಯಿತು. ಅದೇ 1918ರಲ್ಲಿ ನಮ್ಮ ನೆರೆಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಒಂದೇ ಕೋಣೆಯಲ್ಲಿ ಪೌಷ್ಟಿಕತೆಯ ಸಂಶೋಧನೆ ಆರಂಭಿಸಿದರು. ಅದೇ ಬೆಳೆದು ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಅಲ್ಲಿ ಹೊಟ್ಟೆಬಾಕತನದ ಚಿಂತೆ, ಇಲ್ಲಿ ಹಸಿವಿನ ಚಿಂತೆ. ಇಂದು ನಮ್ಮ ಒಂದೇ ಬೀದಿಯಲ್ಲಿ ಎರಡೂ ಇವೆ.

ಈಗ ನಮ್ಮ ತಟ್ಟೆಗೆ ಬರೋಣ. 'ಮುದ್ದೆ ತಿಂದರೆ ತೂಕ ಇಳಿಯುತ್ತದೆ, ಅನ್ನ ತಿಂದರೆ ಏರುತ್ತದೆ' ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ಆದರೆ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ 2017ರ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ಸುಮಾರು 320, 100 ಗ್ರಾಂ ಅಕ್ಕಿಗೆ ಸುಮಾರು 355 ಕ್ಯಾಲೊರಿ ಎಂದಿದೆ. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಬಹಳ ಹೆಚ್ಚು, ಹೊಟ್ಟೆಯೂ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಆದ್ದರಿಂದ ಮುದ್ದೆ ಒಳ್ಳೆಯದೇ. ಆದರೆ ಒಂದರ ಬದಲು ಎರಡು ಮುದ್ದೆ ನುಂಗಿದರೆ ಲೆಕ್ಕವೂ ಎರಡರಷ್ಟೇ ಆಗುತ್ತದೆ.

ಎಣ್ಣೆಯ ಲೆಕ್ಕ ಇನ್ನೂ ಸ್ವಾರಸ್ಯಕರ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ತರುತ್ತೀರಿ ಎಂದುಕೊಳ್ಳಿ. ಒಂದು ಲೀಟರ್ ಎಂದರೆ ಸುಮಾರು 910 ಗ್ರಾಂ. ಹಂಚಿ ನೋಡಿದರೆ ಒಬ್ಬೊಬ್ಬರಿಗೆ ದಿನಕ್ಕೆ 30 ಗ್ರಾಂ, ಅಂದರೆ 270 ಕ್ಯಾಲೊರಿ. ಇದನ್ನು ಯಾರೂ ತಿಂದ ನೆನಪಿಲ್ಲ! ಒಗ್ಗರಣೆಯಲ್ಲಿ, ದೋಸೆಯ ಕಾವಲಿಯ ಮೇಲೆ, ಪಲ್ಯದಲ್ಲಿ ಸದ್ದಿಲ್ಲದೆ ಬಂದು ಸೇರಿದ್ದು. ಆ್ಯಪಿನಲ್ಲಿ 'ಒಂದು ಬಟ್ಟಲು ಪಲ್ಯ' ಎಂದು ಒತ್ತಿದರೆ ಅದು ಯಾರದೋ ಮನೆಯ ಪಲ್ಯದ ಲೆಕ್ಕ ಕೊಡುತ್ತದೆ. ನಿಮ್ಮ ಮನೆಯ ಸೌಟು ಅದಕ್ಕೆ ಗೊತ್ತಿಲ್ಲ. ಅದಕ್ಕಿಂತ ಎಣ್ಣೆಯ ಡಬ್ಬಿಯ ಮೇಲೆ ತಂದ ದಿನಾಂಕ ಬರೆದಿಡಿ. ಎಷ್ಟು ದಿನಕ್ಕೆ ಖಾಲಿಯಾಯಿತು ಎಂಬುದಕ್ಕಿಂತ ಸರಿಯಾದ ಲೆಕ್ಕ ಯಾವ ಯಂತ್ರವೂ ಕೊಡಲಾರದು. ಅನ್ನವನ್ನೂ ಅಷ್ಟೇ, ಬೆಂದ ಮೇಲೆ ತೂಗಬೇಡಿ. ಅದು ಕುಡಿದ ನೀರಿನ ಮೇಲೆ ತೂಕ ಬದಲಾಗುತ್ತದೆ. ಅಕ್ಕಿಯನ್ನು ಅಳೆದು, ಉಣ್ಣುವವರ ಪಾಲಿಗೆ ಭಾಗಿಸಿ.

ನಮ್ಮ ಮನೆಗಳಲ್ಲಿ ಯಾವ ಪುಸ್ತಕದಲ್ಲೂ ಬರೆಯದ ಒಂದು ಊಟವಿದೆ. ಅದು ತಾಯಂದಿರ ಊಟ. ಮಗು ಬಿಟ್ಟ ಅರ್ಧ ಇಡ್ಲಿ, ಪಾತ್ರೆಯ ತಳದಲ್ಲಿ ಉಳಿದ ಪಾಯಸ, 'ಚೆಲ್ಲುವುದು ಹೇಗೆ' ಎಂದು ಬಾಯಿಗೆ ಹಾಕಿಕೊಂಡ ಎರಡು ತುತ್ತು ಬಿರಿಯಾನಿ. ಕೇಳಿದರೆ 'ನಾನೇನೂ ತಿನ್ನುವುದೇ ಇಲ್ಲ ಫಾದರ್, ಗಾಳಿ ಕುಡಿದರೂ ದಪ್ಪವಾಗುತ್ತೇನೆ' ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಹೀಗೆಯೇ ಹೇಳುತ್ತಿದ್ದ, ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿದರು. ಅವರ ದೇಹದಲ್ಲಿ ಯಾವ ದೋಷವೂ ಇರಲಿಲ್ಲ. ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಬರೆದಿದ್ದರು, ಮೈ ದಣಿಸಿದ್ದನ್ನು ಶೇ. 51ರಷ್ಟು ಹೆಚ್ಚು ಬರೆದಿದ್ದರು. ಮನುಷ್ಯನ ನೆನಪು ತನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಬರೆದಿಡುವುದರ ಪ್ರಯೋಜನ ಇರುವುದು ಇಲ್ಲಿಯೇ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕುತ್ತಾನೆಂದು ಯೇಸುಸ್ವಾಮಿ ಹೇಳಿದ್ದು ನಮಗೆ ಗೊತ್ತಿದೆ. ಗೋಡೆ ಎದ್ದ ಮೇಲೆ ಲೆಕ್ಕ ಹಾಕುವವರು ನಾವು. ತಿನ್ನುವ ಮೊದಲೇ ಬರೆದು ನೋಡಿ. ಕೈ ತಾನಾಗಿಯೇ ಸ್ವಲ್ಪ ತಡೆಯುತ್ತದೆ.

ಇನ್ನು ಲೆಕ್ಕದ ಇನ್ನೊಂದು ಪುಟ, ವ್ಯಾಯಾಮ. ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. 70 ಕಿಲೋ ತೂಕದ ವ್ಯಕ್ತಿ ಅರ್ಧ ಗಂಟೆ ಸಾಧಾರಣ ಬಿರುಸಿನಿಂದ ನಡೆದರೆ ಸುಮಾರು 120 ಕ್ಯಾಲೊರಿ ಖರ್ಚಾಗುತ್ತದೆ. ಅದರಲ್ಲಿ ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿದ್ದ 35ನ್ನು ಕಳೆಯಿರಿ. ಉಳಿದದ್ದು 85. ಲೋಟಕ್ಕೆ ಎರಡು ಚಮಚದಂತೆ ಸಕ್ಕರೆ ಹಾಕಿದ ಎರಡು ಲೋಟ ಕಾಫಿಯ ಸಕ್ಕರೆಯೊಂದೇ 80! ಬೆಳಗ್ಗೆ ನಡೆದು ಬಂದು, 'ಇಂದು ನಡೆದಿದ್ದೇನಲ್ಲ' ಎಂದು ಹೋಟೆಲಿನಲ್ಲಿ ಕುಳಿತು ಎರಡು ವಡೆ ತಿಂದವರು ಲಾಭದಲ್ಲಿದ್ದಾರೆಯೇ? ನೀವೇ ಹೇಳಿ. ಕೈಗೆ ಕಟ್ಟಿಕೊಳ್ಳುವ ಸ್ಮಾರ್ಟ್ ವಾಚುಗಳು 300, 400 ಎಂದು ತೋರಿಸಿ ಬೆನ್ನು ತಟ್ಟುತ್ತವೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂತಹ ಏಳು ಉಪಕರಣಗಳನ್ನು ಪರೀಕ್ಷಿಸಿದರು. ನಾಡಿಮಿಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಆದರೆ ಕ್ಯಾಲೊರಿಯ ವಿಷಯದಲ್ಲಿ ಅತ್ಯುತ್ತಮವಾದದ್ದೇ ಸರಾಸರಿ ಶೇ. 27ರಷ್ಟು ತಪ್ಪಿತ್ತು, ಕೊನೆಯದು ಶೇ. 93ರಷ್ಟು.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ನಡಿಗೆಯನ್ನು ನಿಮಿಷಗಳಲ್ಲಿ ಬರೆಯಿರಿ, ಕ್ಯಾಲೊರಿಯಲ್ಲಿ ಬೇಡ. ಊಟದ ಲೆಕ್ಕದಿಂದ ಅದನ್ನು ಕಳೆಯಲೂ ಬೇಡಿ. ಹಾಗಾದರೆ ನಡೆಯುವುದೇಕೆ? ನಡೆದರೆ ರಕ್ತದ ಸಕ್ಕರೆ ತಗ್ಗುತ್ತದೆ, ರಕ್ತದೊತ್ತಡ ತಗ್ಗುತ್ತದೆ, ಇಳಿಸಿದ ತೂಕ ಮತ್ತೆ ಏರದಂತೆ ಕಾಯಲು ನೆರವಾಗುತ್ತದೆ. ವಡೆಯನ್ನು ಕೊಳ್ಳುವ ನಾಣ್ಯವಾಗಿ ಮಾತ್ರ ಅದನ್ನು ಬಳಸಬೇಡಿ.

ಒಂದು ಕಿಲೋ ಕೊಬ್ಬು ಸುಮಾರು 7,700 ಕ್ಯಾಲೊರಿಗೆ ಸಮ ಎನ್ನುತ್ತಾರೆ. ದಿನಕ್ಕೆ 300 ಕಡಿಮೆ ಮಾಡಿದರೆ ಕಾಗದದ ಮೇಲೆ ಸುಮಾರು 26 ದಿನಕ್ಕೆ ಒಂದು ಕಿಲೋ ಇಳಿಯಬೇಕು. ಹಾಗಾದರೆ ಎರಡು ವರ್ಷಕ್ಕೆ ಸುಮಾರು 28 ಕಿಲೋ! ದೇಹ ಹಾಗೆ ನಡೆಯುವುದಿಲ್ಲ. ತೂಕ ಇಳಿದಂತೆ ಸಣ್ಣದಾದ ದೇಹಕ್ಕೆ ಖರ್ಚೂ ಕಡಿಮೆ, ಹಸಿವೋ ಹೆಚ್ಚು. ಮೂರನೆಯ ನಾಲ್ಕನೆಯ ತಿಂಗಳಲ್ಲಿ ಇಳಿತ ನಿಧಾನವಾದಾಗ 'ನನ್ನ ಹಣೆಬರಹವೇ ಇಷ್ಟು' ಎಂದು ಕೈಬಿಡುವವರು ಅನೇಕರು. ಅದು ಸೋಲಲ್ಲ, ನಿರೀಕ್ಷಿಸಬೇಕಾದ ತಿರುವು. ದಿನದಿನವೂ ತೂಕದ ಯಂತ್ರ ಹತ್ತಿ ಕೊರಗುವುದೂ ಬೇಡ. ರಾತ್ರಿ ಉಪ್ಪಿನಕಾಯಿ ಹೆಚ್ಚು ತಿಂದರೆ ಬೆಳಗ್ಗೆ ನೀರಿನ ತೂಕವೇ ಏರಿರುತ್ತದೆ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ನೋಡಿದರೆ ಸಾಕು. ಸೊಂಟಕ್ಕೆ ಅಳತೆ ಪಟ್ಟಿ ಹಿಡಿದರೆ ಇನ್ನೂ ಒಳ್ಳೆಯದು. ನಮ್ಮ ದೇಶದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಎಚ್ಚರಿಕೆಯ ಗಡಿ ಎನ್ನುತ್ತಾರೆ ವೈದ್ಯರು.

ಆಶೆ ಇಲ್ಲದೆ ಇಲ್ಲ. ಬ್ರಿಟನ್ನಿನಲ್ಲಿ ನಡೆದು 2017ರ ಕೊನೆಗೆ ಪ್ರಕಟವಾದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆ ಬಂದು ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದವರಿಗೆ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಮಾತ್ರ ಕೊಟ್ಟರು. ಒಂದು ವರ್ಷದ ಕೊನೆಗೆ ಅವರಲ್ಲಿ ಶೇ. 46ರಷ್ಟು ಮಂದಿಗೆ ಮಾತ್ರೆಯಿಲ್ಲದೆಯೇ ಸಕ್ಕರೆ ಹತೋಟಿಯಲ್ಲಿತ್ತು. ಆದರೆ ಅದು ವೈದ್ಯರ ಕಣ್ಣೆದುರು ನಡೆದದ್ದು. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಯಾರನ್ನೂ ಕೇಳದೆ ಊಟ ತಗ್ಗಿಸಿದರೆ ಸಕ್ಕರೆ ಒಮ್ಮೆಲೇ ಕುಸಿದು ತಲೆ ತಿರುಗಿ ಬೀಳುವ ಅಪಾಯವಿದೆ. ಇದನ್ನು ಎರಡು ಸಲ ಹೇಳಿದೆನೆಂದೇ ತಿಳಿಯಿರಿ.

ಇನ್ನೊಂದು ಮಾತನ್ನು ತಂದೆತಾಯಿಗಳಿಗೆ ವಿಶೇಷವಾಗಿ ಹೇಳಬೇಕು. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 36 ಯುವಕರು ಒಂದು ಪ್ರಯೋಗಕ್ಕೆ ತಮ್ಮನ್ನೇ ಒಪ್ಪಿಸಿಕೊಂಡರು. ಮನಸ್ಸಾಕ್ಷಿಯ ಕಾರಣದಿಂದ ಬಂದೂಕು ಹಿಡಿಯಲು ಒಪ್ಪದಿದ್ದವರು ಅವರು. ಯುದ್ಧದಲ್ಲಿ ಹಸಿದವರನ್ನು ಮತ್ತೆ ಚೇತರಿಸುವುದು ಹೇಗೆಂದು ತಿಳಿಯಲು ತಾವೇ ಹಸಿದರು. ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಆರು ತಿಂಗಳ ಕಾಲ ಅವರಿಗೆ ದಿನಕ್ಕೆ ಸುಮಾರು 1,600 ಕ್ಯಾಲೊರಿ ಕೊಟ್ಟು, ವಾರಕ್ಕೆ 22 ಮೈಲಿ ನಡೆಸಲಾಯಿತು. ತೂಕ ಕಾಲುಭಾಗ ಇಳಿಯಿತು. ಅದರ ಜೊತೆಗೆ ನಗುವೂ ಇಳಿಯಿತು. ಗೆಳೆತನ, ಓದು ಯಾವುದೂ ಬೇಡವಾಯಿತು. ದಿನವಿಡೀ ಊಟದ್ದೇ ಧ್ಯಾನ, ಅಡುಗೆ ಪುಸ್ತಕಗಳನ್ನು ಕೂಡಿಡುವುದೇ ಕೆಲಸ. ಗಟ್ಟಿಮುಟ್ಟಾದ ಯುವಕರ ಗತಿ ಇದಾದರೆ, 'ದಪ್ಪಗಿದ್ದೀಯೆ, ಮದುವೆ ಹೇಗೆ' ಎಂಬ ಮಾತು ಕೇಳಿ ಗುಟ್ಟಾಗಿ ಎಣಿಸತೊಡಗಿದ ಹದಿನೈದರ ಹುಡುಗಿಯ ಗತಿ ಏನು? ತಟ್ಟೆಯ ಮುಂದೆ ಕುಳಿತು ಅಳುವ, ಸ್ನಾನದ ಮನೆಗೆ ಹೋಗಿ ವಾಂತಿ ಮಾಡುವ, ಹಬ್ಬದ ಊಟಕ್ಕೆ ನೆಪ ಹೇಳಿ ತಪ್ಪಿಸಿಕೊಳ್ಳುವ ಮಕ್ಕಳು ಹಳ್ಳಿಯಲ್ಲೂ ಇದ್ದಾರೆ. ಅಂತಹವರ ಕೈಯಿಂದ ಆ ಲೆಕ್ಕವನ್ನು ಮೆಲ್ಲಗೆ ತೆಗೆದುಕೊಳ್ಳಿ, ವೈದ್ಯರ ಬಳಿಗೆ ಕರೆದೊಯ್ಯಿರಿ, ಗದರಬೇಡಿ. ಬೆಳೆಯುವ ಮಕ್ಕಳು, ಬಸುರಿ ಬಾಣಂತಿಯರು, ಕಾರಣವಿಲ್ಲದೆ ಸೊರಗುತ್ತಿರುವ ಹಿರಿಯರು ಯಾರೂ ತಾವಾಗಿಯೇ ಈ ಲೆಕ್ಕಕ್ಕೆ ಇಳಿಯಬಾರದು.

'ತಪಸ್ಸುಕಾಲ ಬರಲಿ ಫಾದರ್, ಉಪವಾಸದ ಜೊತೆಗೆ ತೂಕವೂ ಇಳಿಯುತ್ತದೆ' ಎನ್ನುವವರಿಗೂ ಒಂದು ಮಾತು. ಎರಡನ್ನೂ ಒಂದೇ ಚೀಟಿಯಲ್ಲಿ ಬರೆಯಬೇಡಿ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದಂದು 18ರಿಂದ 59 ವರ್ಷದವರು ಮಾಡುವ ಉಪವಾಸದಲ್ಲಿ ಉಳಿದ ತುತ್ತು ಹಸಿದವನಿಗೆ ಸೇರಬೇಕು. ತೂಕದ ಲೆಕ್ಕದಲ್ಲಿ ಉಳಿದದ್ದು ನಮ್ಮ ಮೊಣಕಾಲಿಗೆ, ಹೃದಯಕ್ಕೆ ಸೇರುತ್ತದೆ. ಅದೂ ಒಳ್ಳೆಯದೇ, ಆದರೆ ಅದಕ್ಕೆ ಪುಣ್ಯದ ಹೆಸರಿಡುವುದು ಬೇಡ.

ಲುಲು ಪೀಟರ್ಸ್ ಅವರು ಜೀವನಪರ್ಯಂತ ಎಣಿಸುತ್ತಲೇ ಇರಬೇಕೆಂದರು. ನಾನು ಅಷ್ಟು ದೂರ ಹೋಗಲಾರೆ. ನಾಲ್ಕರಿಂದ ಆರು ವಾರ ಪ್ರಾಮಾಣಿಕವಾಗಿ ಬರೆಯಿರಿ. ಆಮೇಲೆ ಸೌಟು ನೋಡಿದರೆ ಅಳತೆ ಕಣ್ಣಿಗೇ ತಿಳಿಯುತ್ತದೆ. ಮತ್ತೆ ತೂಕ ಏರತೊಡಗಿದರೆ ಮತ್ತೆ ಒಂದು ವಾರ ಬರೆಯಿರಿ. ಮೊಬೈಲ್ ಬೇಡವಾದವರಿಗೆ ಮಕ್ಕಳ ಹಳೆಯ ನೋಟ್ ಪುಸ್ತಕ ಸಾಕು.

ಹೊರಗೆ ಮೇಜಿನ ಮೇಲೆ ತೂಕದ ಯಂತ್ರವನ್ನೂ ಅಳತೆ ಪಟ್ಟಿಯನ್ನೂ ಇಟ್ಟಿದ್ದೇವೆ. ಹೆಂಗಸರಿಗೆ ಬೇರೆ ಸಾಲು, ಅಲ್ಲಿ ಸಿಸ್ಟರ್ ಇರುತ್ತಾರೆ. ಯಾರ ಅಂಕಿಯನ್ನೂ ಗಟ್ಟಿಯಾಗಿ ಓದುವುದಿಲ್ಲ, ಚೀಟಿಯಲ್ಲಿ ಬರೆದು ನಿಮ್ಮ ಕೈಗೇ ಕೊಡುತ್ತಾರೆ. ಕಾಫಿಯೂ ಇದೆ. ಸಕ್ಕರೆಯನ್ನು ಈ ಸಲ ಬೇರೆ ಬಟ್ಟಲಿನಲ್ಲಿ ಇಡಲು ಹೇಳಿದ್ದೇನೆ.